ಶೆರಿಫ್ ಎಂಬ ನಾಳ್ಗಾವುಂಡ

ನಮ್ಮ ಶಾಸನಗಳಲ್ಲಿ ‘ನಾಳ್ಗಾವುಂಡ’ ಎಂಬ ಮಾತು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಇಂಗ್ಲಿಷಿನ ಶೆರಿಫ್ ನೆನಪಾಗುತ್ತಾನೆ. ನಾಡಿಗೆ ಗಾವುಂಡ ಸೇರಿ ನಾಳ್ಗಾವುಂಡನಾದಂತೆ, ಹಳೆಯ ಇಂಗ್ಲಿಷಿನಲ್ಲಿ ಸೀಮೆ ಎಂಬರ್ಥದ ‘ಶೀರ್’ಗೆ ಅರಸನ ಪರವಾಗಿ ಆಡಳಿತ ನೋಡುವ ‘ಗೆರೇಫ’ ಸೇರಿ ಈ ಪದ ಹುಟ್ಟಿತು. ಬರಹದಲ್ಲಿ ಗೆರೇಫ, ಬಾಯಲ್ಲಿ ಹೆಚ್ಚುಕಡಿಮೆ ‘ಯೆರೇವ’. ಆ ಮೊದಲಕ್ಷರ ಉದುರಿ, ಕಡೆಯ ಸ್ವರ ಸವೆದು, ಸೇನಬೋವ ಶಾನುಭೋಗನಾದ, ಪೆರ್ಗಡೆ ಹೆಗ್ಗಡೆಯಾಗಿ ಹೆಗ್ಡೆಯಾದ ಹಾದಿಯಲ್ಲೇ ನಡೆದು, ಶೆರಿಫ್ ಎಂಬ ನುಣುಪಾದ ಹೊಳೆಗಲ್ಲಾಯಿತು. ಶಿಶುನಾಳ ಶರೀಫರ ಹೆಸರು ಕಿವಿಗೆ ಇದರ ನೆಂಟನಂತೆ ಕೇಳಿಸೀತು. ಆದರೆ ಆ ಶರೀಫ ಅರಬ್ಬಿಯವನು, ಕುಲೀನ ಎಂದು ಅವನ ಅರ್ಥ, ಇಬ್ಬರಿಗೂ ಬಳ್ಳಿಯ ಸಂಬಂಧವಿಲ್ಲ.

ಶೀರ್ ಸೇರದೆ, ಒಂಟಿ ಗೆರೇಫನಿಂದಲೇ ಬಂದ ಒಡಹುಟ್ಟಿದ ‘ರೀವ್’ ಮಾತ್ರ ಬೇರೆ ದಾರಿ ಹಿಡಿದ. ಇಂಗ್ಲಿಷ್ ಕವಿ ಚಾಸರನ ಯಾತ್ರಿಕರ ಗುಂಪಿನಲ್ಲಿ ಜಮೀನಿನ ಲೆಕ್ಕ ನೋಡುವ ಮೇಟಿಯಾಗಿ ಕಾಣಿಸಿಕೊಂಡು, ಆಮೇಲೆ ಬಹುಮಟ್ಟಿಗೆ ಹುದ್ದೆ ಕಳೆದುಕೊಂಡು, ನಮ್ಮ ಗೌಡ, ಹೆಗ್ಡೆಗಳಂತೆ ಹೆಸರಿನ ಬಾಲವಾಗಿ ಉಳಿದ.

ಶೆರಿಫ್ ಹುದ್ದೆ ಬಿಡಲಿಲ್ಲ. ತೆರಿಗೆ ಎತ್ತುವುದು, ನ್ಯಾಯಸಭೆ ನಡೆಸುವುದು, ಅರಸನಿಗೆ ಬಾಕಿ ಒಪ್ಪಿಸುವುದು ಅವನ ಕೆಲಸ. ರಾಬಿನ್ ಹುಡ್ ಲಾವಣಿಗಳಲ್ಲಿ ನಾಟಿಂಗ್‌ಹ್ಯಾಮಿನ ಶೆರಿಫ್ ಖಳನಾದದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ. 1215ರ ಮ್ಯಾಗ್ನ ಕಾರ್ಟದಲ್ಲಿ ಅರಸನಿಂದ ಬರೆಸಿಕೊಂಡ ಮಾತುಗಳಲ್ಲಿ, ಕಾನೂನು ಬಲ್ಲವರನ್ನೇ ಶೆರಿಫ್ ಮಾಡಬೇಕೆಂಬುದೂ ಒಂದು. ಇಂದಿಗೂ ಇಂಗ್ಲೆಂಡಿನಲ್ಲಿ ವರ್ಷಕ್ಕೊಮ್ಮೆ ದೊರೆ ಚರ್ಮಪತ್ರದ ಮೇಲಿನ ಹೆಸರಿನ ಪಕ್ಕ ದಬ್ಬಳದಿಂದ ಚುಚ್ಚಿ ಹೈ ಶೆರಿಫರನ್ನು ನೇಮಿಸುವುದುಂಟು. ಅದು ಬರಿಯ ಮರ್ಯಾದೆಯ ಪದವಿ. ಸ್ಕಾಟ್ಲೆಂಡಿನಲ್ಲಿ ಅದೇ ಪದಕ್ಕೆ ನ್ಯಾಯಾಧೀಶ ಎಂಬ ಅರ್ಥ. 1980ರಲ್ಲಿ ದಿಲೀಪ್ ಕುಮಾರ್ ಬೊಂಬಾಯಿಯ ಶೆರಿಫ್ ಆದದ್ದು ಇಂಗ್ಲೆಂಡಿನ ಮರ್ಯಾದೆಯ ಪದವಿಯ ನೆರಳಲ್ಲೇ.

ಪದಪ್ರಿಯರಾದ ನಮಗೆ ನಿಜವಾದ ರಸ ಇರುವುದು ಅಟ್ಲಾಂಟಿಕ್ ದಾಟಿದ ಮೇಲೆ. 1634ರಲ್ಲಿ ವರ್ಜೀನಿಯವನ್ನು ಎಂಟು ಶೈರ್‌ಗಳಾಗಿ, ಅಂದರೆ ಅದೇ ಹಳೆಯ ಶೀರ್‌ಗಳಾಗಿ, ಹಂಚಿದರು. ಬರಬರುತ್ತ ಶೈರ್ ಎಂಬ ಹೆಸರು ಹೋಗಿ ಕೌಂಟಿ ನಿಂತಿತು. ನೆಲದ ಹೆಸರು ಬದಲಾದರೂ ಅಧಿಕಾರಿಯ ಹೆಸರೊಳಗೆ ಹಳೆಯ ಸೀಮೆ ಅವಿತುಕೊಂಡೇ ಇದೆ. ಹಾಗಾಗಿ ಅಮೆರಿಕದವರು ‘ಕೌಂಟಿ ಶೆರಿಫ್’ ಎಂದಾಗ ಅವರಿಗೆ ಅರಿವಿಲ್ಲದೆಯೇ ‘ನಾಡಿನ ನಾಳ್ಗಾವುಂಡ’ ಎಂದಂತೆ, ನಾವು ಗೇಟುಬಾಗಿಲು, ನಡುಮಧ್ಯ ಎನ್ನುವಂತೆ. ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಮೂಲ ಮರೆತಷ್ಟೂ ಪದ ಒಗ್ಗಿಕೊಂಡಿದೆ ಎಂದೇ ಅರ್ಥ.

ಇದಕ್ಕಿಂತ ದೊಡ್ಡ ಪಲ್ಲಟ ಒಡೆಯನದ್ದು. ಅರಸನ ಕಡೆಯವನೆಂದೇ ಹುಟ್ಟಿದ ಗೆರೇಫ ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಊರವರ ಮುಂದೆ ಕೈಮುಗಿದು ಮತ ಕೇಳುವವನಾದ. ಸೆರೆಮನೆ ಕಾಯುವುದು, ವಾರಂಟು ಜಾರಿ ಮಾಡುವುದು, ನ್ಯಾಯಾಲಯಕ್ಕೆ ಕಾವಲು ನಿಲ್ಲುವುದು, ಇವೆಲ್ಲ ಹಳೆಯ ಗಂಟೇ. ಗಂಟು ಹೊರಿಸುವವರು ಮಾತ್ರ ಬೇರೆ. 1870ರಲ್ಲಿ ನ್ಯೂಯಾರ್ಕ್ ರಾಜ್ಯದ ಈರಿ ಕೌಂಟಿಯ ಜನ ಬಫಲೋ ಪಟ್ಟಣದ ವಕೀಲ ಗ್ರೋವರ್ ಕ್ಲೀವ್‌ಲ್ಯಾಂಡನನ್ನು ಶೆರಿಫ್ ಆಗಿ ಆರಿಸಿದರು. ಮರಣದಂಡನೆ ಜಾರಿಯೂ ಆ ಹುದ್ದೆಯ ಪಾಲಿಗೇ ಬರುತ್ತಿತ್ತು. ಕೈಕೆಳಗಿನವನಿಗೆ ಹಣ ಕೊಟ್ಟು ಮಾಡಿಸಬಹುದಾಗಿದ್ದರೂ ಆತ ಹಾಗೆ ಮಾಡಲಿಲ್ಲ. 1872ರಲ್ಲಿ ಒಮ್ಮೆ, 1873ರಲ್ಲಿ ಮತ್ತೊಮ್ಮೆ, ನೇಣುಗಂಬದ ಹಲಗೆಯನ್ನು ತಾನೇ ಬೀಳಿಸಿದ. ಮುಂದೆ ಆತ ಅಮೆರಿಕದ ಅಧ್ಯಕ್ಷಪದವಿಗೆ ನಿಂತಾಗ ಎದುರಾಳಿಗಳು ಅದನ್ನೇ ಎತ್ತಿ ಆಡಿದರು: ಬಫಲೋದ ನೇಣುಗಾರ. 1885ರಲ್ಲಿ ಕ್ಲೀವ್‌ಲ್ಯಾಂಡ್ ಅಧ್ಯಕ್ಷನಾದ.