ದನಿ ಹೊರಬೀಳುವ ಪಟ್ಟಿ: ಪಾರಿಜಾತದ ಸೀಮೆಯಲ್ಲಿ ಮೈಕ್‌ಸೆಟ್

ಮೈಕ್‌ಸೆಟ್ಟಿನ ಆಂಪ್ಲಿಫೈಯರ್‌ಗೆ ಎದುರಿನಲ್ಲಿ ಗುಂಡಿಗಳಿರುತ್ತವೆ, ಬೆನ್ನಿಗೆ ಸ್ಪೀಕರ್ ತಂತಿ ಕಟ್ಟುವ ತಗಡಿನ ಪಟ್ಟಿ ಇರುತ್ತದೆ. ಗುಂಡಿಗಳನ್ನು ಎಲ್ಲರೂ ನೋಡುತ್ತಾರೆ. ದನಿ ಹೊರಬೀಳುವುದು ಮಾತ್ರ ಬೆನ್ನಿನ ಪಟ್ಟಿಯಿಂದ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಈ ಪಟ್ಟಿಯ ಚರಿತ್ರೆ ಬಯಲಾಟ ಮತ್ತು ಜಾತ್ರೆಗಳ ಚರಿತ್ರೆಯೊಂದಿಗೆ ಬೆರೆತಿದೆ.

ಶ್ರೀಕೃಷ್ಣ ಪಾರಿಜಾತ ಈ ಸೀಮೆಯ ಹೆಮ್ಮೆಯ ಆಟ. ಅಪರಾಳ ತಮ್ಮಣ್ಣನ ಕೃತಿಯನ್ನು ರಂಗಕ್ಕೆ ಒಗ್ಗಿಸಿ ಬೆಳೆಸಿದವನು ಕುಲಗೋಡ ತಮ್ಮಣ್ಣ. ಅದಕ್ಕೆ ಮನೆಮಾತಿನ ಖ್ಯಾತಿ ತಂದವಳು ಕೌಜಲಗಿ ನಿಂಗಮ್ಮ. ಕುಲಗೋಡ, ಕೌಜಲಗಿ ಎರಡೂ ಹಳೆಯ ಗೋಕಾಕ ತಾಲ್ಲೂಕಿನ ಊರುಗಳು. ಮೈಕು ಬರುವ ಮೊದಲು ಬಯಲಿನಲ್ಲಿ ಕೂತ ಕೊನೆಯ ಸಾಲಿಗೂ ಸತ್ಯಭಾಮೆಯ ಪದ ಮುಟ್ಟಬೇಕಾದರೆ ಕಂಠವೇ ಗತಿ. ಎತ್ತರದ ಶ್ರುತಿಯಲ್ಲಿ ಹಾಡುವುದು, ನುಡಿಯನ್ನು ಹಿಮ್ಮೇಳದವರು ಎತ್ತಿ ಮತ್ತೆ ಹಾಡುವುದು ಕಲೆಯ ಸೊಗಸಷ್ಟೇ ಆಗಿರಲಿಲ್ಲ, ದೂರಕ್ಕೆ ದನಿ ದಾಟಿಸುವ ಉಪಾಯವೂ ಆಗಿತ್ತು. ಹಾರ್ಮೋನಿಯಂ, ತಬಲಾ, ತಾಳ ಆ ಕಂಠಕ್ಕೆ ಆಸರೆ.

ಧ್ವನಿವರ್ಧಕ ದೊಡ್ಡ ಜನಸಂದಣಿಯ ಮುಂದೆ ಮೊಳಗಿದ್ದು 1915ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಭಾರತದಲ್ಲಿ ಸ್ವಾತಂತ್ರ್ಯ ಚಳವಳಿಯ ಸಭೆಗಳ ಮೂಲಕ ಮೋಟ್ವಾನೆಯವರ ಶಿಕಾಗೋ ರೇಡಿಯೋ ಹೆಸರಾಯಿತು. 1940ರಲ್ಲಿ ದಿಲ್ಲಿಯಲ್ಲಿ ಶುರುವಾದ ಅಹುಜಾ ಸಂಸ್ಥೆಯ ಸೆಟ್ಟುಗಳು ಮುಂದೆ ಹಳ್ಳಿಹಳ್ಳಿ ಹೊಕ್ಕವು. ಆದರೆ ಸೆಟ್ಟಿಗೆ ಕರೆಂಟು ಬೇಕಲ್ಲ. ಗೋಕಾಕ ಜಲಪಾತದ ನೀರಿನ ಬಲದಿಂದ 1887ರಲ್ಲೇ ಅಲ್ಲಿನ ನೂಲಿನ ಗಿರಣಿ ತಿರುಗತೊಡಗಿತ್ತಾದರೂ ಸುತ್ತಲಿನ ಹಳ್ಳಿಗಳಿಗೆ ದೀಪ ಬರಲು ಬಹುಕಾಲ ಹಿಡಿಯಿತು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿಕೊಂಡ ಐದು ಸಂಘಗಳಲ್ಲಿ ಅದೂ ಒಂದು. ಉಳಿದವು ಸಿರಿಸಿಲ್ಲ, ಕೋಡಿನಾರ, ಮುಳಾ-ಪ್ರವರಾ ಮತ್ತು ಲಖನೌ. ರೈತರೇ ಸದಸ್ಯರಾಗಿ ತಮ್ಮ ತಾಲ್ಲೂಕಿಗೆ ಕರೆಂಟು ಹಂಚಿಕೊಂಡ ಈ ಸಾಹಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಲೈನು ತಲುಪದ ಕಡೆ 12 ವೋಲ್ಟಿನ ಬ್ಯಾಟರಿಯೇ ಆಧಾರ. ಅದಕ್ಕಾಗಿಯೇ ಆ ಕಾಲದ ಆಂಪ್ಲಿಫೈಯರ್‌ಗಳ ಬೆನ್ನಿಗೆ ಬ್ಯಾಟರಿ ತಂತಿ ಕಟ್ಟುವ ಎರಡು ತಿರುಪುಗಳೂ ಇರುತ್ತಿದ್ದವು.

ಪಟ್ಟಿಯ ಮುಖ್ಯ ಭಾಗ ಸ್ಪೀಕರಿನ ತಿರುಪುಗಳ ಸಾಲು. ಒಂದು ಸಾಮಾನ್ಯ ತುದಿ, ಪಕ್ಕದಲ್ಲಿ 4, 8, 16 ಓಮ್ ಎಂಬ ಗುರುತುಗಳು, ಕೊನೆಗೆ 70 ಮತ್ತು 100 ವೋಲ್ಟ್. ಸೆಟ್ಟು ಹಿಡಿದವನ ಜಾಣತನವೆಲ್ಲ ಇಲ್ಲಿಯೇ. 16 ಓಮಿನ ಎರಡು ಹಾರ್ನ್ ಸ್ಪೀಕರ್‌ಗಳನ್ನು ಸಮಾಂತರವಾಗಿ ಕಟ್ಟಿದರೆ 8ರ ತಿರುಪು, ನಾಲ್ಕಾದರೆ 4ರದು. ಲೆಕ್ಕ ತಪ್ಪಿ ಹೊರೆ ಹೆಚ್ಚಾದರೆ ಆಂಪ್ಲಿಫೈಯರ್ ಸುಟ್ಟೀತು. ಮೂಡಲಗಿಯ ಶಿವಬೋಧರಂಗ ಮಠದ ಜಾತ್ರೆಯಂಥ ಕಡೆ ಬೀದಿಯುದ್ದಕ್ಕೂ ತಂತಿ ಎಳೆಯಬೇಕಾದಾಗ ಬೇರೊಂದು ತೊಡಕು: ಉದ್ದನೆಯ ಸಣ್ಣ ತಂತಿಯೇ ಶಕ್ತಿಯನ್ನು ನುಂಗುತ್ತದೆ. 100 ವಾಟ್ ಶಕ್ತಿಯನ್ನು 8 ಓಮಿಗೆ ಕೊಟ್ಟರೆ ತಂತಿಯಲ್ಲಿ ಸುಮಾರು 3.5 ಆಂಪಿಯರ್ ಹರಿಯುತ್ತದೆ. ಅದನ್ನೇ 100 ವೋಲ್ಟಿನ ಲೈನಿನಲ್ಲಿ ಕಳಿಸಿದರೆ 1 ಆಂಪಿಯರ್ ಸಾಕು. ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಹನ್ನೆರಡು ಪಟ್ಟಿಗೂ ಮಿಕ್ಕಿ ಇಳಿಯುತ್ತದೆ. ಪ್ರತಿ ಹಾರ್ನಿನ ಬಳಿ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಕೂರಿಸಿ ವೋಲ್ಟೇಜನ್ನು ಮತ್ತೆ ಇಳಿಸಿಕೊಂಡರಾಯಿತು. ಕರೆಂಟು ಕಂಬದ ಲೈನುಗಳು ನಡೆಯುವುದೂ ಇದೇ ತತ್ತ್ವದ ಮೇಲೆ.

ಹಾರ್ನ್ ಮನುಷ್ಯರ ಮಾತನ್ನು ಬಹುದೂರ ಒಯ್ಯುತ್ತದೆ, ತಬಲಾದ ಡಗ್ಗಾದ ಗಂಭೀರ ನಾದವನ್ನು ಒಯ್ಯುವುದಿಲ್ಲ. ಪಾರಿಜಾತದ ಕಿವಿಯುಳ್ಳವರಿಗೆ ಇದು ಸಣ್ಣ ಕೊರತೆಯಲ್ಲ. ಆ ಕೊರತೆ ತುಂಬಲು ಪೆಟ್ಟಿಗೆ ಸ್ಪೀಕರ್‌ಗಳು ಬಂದವು. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳ ಕಾಲಕ್ಕೆ ಓಮ್, ವೋಲ್ಟಿನ ಆ ಬೇರೆಬೇರೆ ತಿರುಪುಗಳಿಗೆ ಮೂಲವಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟುಗಳೂ ಹೆಚ್ಚಿ, ಪಟ್ಟಿಯ ರೂಪ ಬದಲಾಯಿತು.

ಬಿಡಿಭಾಗ ತಂದು ಜೋಡಿಸಿದ ಸೆಟ್ಟುಗಳಲ್ಲಿ ಪಟ್ಟಿಯನ್ನು ಕೆಲಸಕ್ಕೆ ತಕ್ಕಂತೆ ಮಾಡಿಸಬಹುದು. ಅಲ್ಯೂಮಿನಿಯಂ ತಗಡಿಗೆ ಅಳತೆ ಗುರುತಿಸಿ, ಡ್ರಿಲ್ಲಿನಿಂದ ತೂತು ಕೊರೆದು, ಅರದಿಂದ ಅಂಚು ನುಣುಪು ಮಾಡಿ ಸಾಕೆಟ್ ಕೂರಿಸುತ್ತಾರೆ. ಹಾರ್ನ್‌ಗಳ ಸಾಲಿಗೊಂದು ಫ್ಯೂಸು ಇದ್ದರೆ ಒಂದು ಕಡೆಯ ತಂತಿ ಕೂಡಿಕೊಂಡರೂ ಉಳಿದ ಹಾರ್ನ್‌ಗಳು ನಿಲ್ಲುವುದಿಲ್ಲ. ಸಾಲಿಗೊಂದು ಸ್ವಿಚ್ಚಿದ್ದರೆ ರಾತ್ರಿ ಊರ ಕಡೆಯದನ್ನು ಆರಿಸಿ ರಂಗದ ಬಳಿಯದನ್ನು ಮಾತ್ರ ಉಳಿಸಿಕೊಳ್ಳಬಹುದು. ದನಿ ಎಲ್ಲಿಗೆ, ಎಷ್ಟು ಬಲದಲ್ಲಿ ಹೋಗಬೇಕೆಂಬುದು ಬಳಸುವವನಿಗೇ ಗೊತ್ತು. ತಿರುಪಿಗೆ ಸುತ್ತಿದ ಬರಿ ತಂತಿ ಅದುರಿಗೆ ಸಡಿಲವಾಗುತ್ತಿತ್ತು. 1987ರ ಹೊತ್ತಿಗೆ ನ್ಯೂಟ್ರಿಕ್ ಕಂಪನಿ ತಂದ, ತಿರುಗಿಸಿ ಬಿಗಿಯುವ ಸ್ಪೀಕಾನ್ ಪ್ಲಗ್ಗು ಆ ಕಾಟವನ್ನು ಕಳೆಯಿತು.

2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು ನಿರ್ಬಂಧಿಸಿವೆ. ಹಬ್ಬ, ಉತ್ಸವಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ರಿಯಾಯಿತಿ ಕೊಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ಬೆಳತನಕ ನಡೆಯುವ ಆಟಕ್ಕೆ ಇದು ದೊಡ್ಡ ಕಟ್ಟು. ನಿದ್ದೆ ಬೇಕಾದವರ ಹಕ್ಕು ನ್ಯಾಯವಾದದ್ದೇ; ಆದರೆ ಕಿವಿಗಡಚಿಕ್ಕುವ ಡಿಜೆಗೂ ಒಂದು ಹಾರ್ಮೋನಿಯಂ ಮೇಳಕ್ಕೂ ಒಂದೇ ಗಡಿಯಾರವಾದದ್ದು ಪಾರಿಜಾತಕ್ಕೆ ನಷ್ಟ. ಹೊಸ ಸೆಟ್ಟುಗಳ ಪಟ್ಟಿಯಲ್ಲಿ ಸ್ಪೀಕರಿನ ಸಾಕೆಟ್ಟುಗಳ ಜೊತೆಗೆ ರೆಕಾರ್ಡಿಂಗಿಗೆಂದು ಲೈನ್ ಔಟ್ ಕೂಡ ಇರುತ್ತದೆ. ಮೇಳದ ಹಾಡು ಅದರ ಮೂಲಕ ನೇರವಾಗಿ ಮೊಬೈಲಿಗೋ ಕಂಪ್ಯೂಟರಿಗೋ ಸೇರುತ್ತದೆ.