ಬೆಳ್ಳಿಚುಕ್ಕಿಯ ಬತ್ತಿದ ನೀರು

ಬೆಳ್ಳಿ ಮೂಡಿತೆಂದರೆ ಎತ್ತುಗಳಿಗೆ ಮೇವಿಕ್ಕಿ ನೇಗಿಲು ಹೊತ್ತು ಹೊಲಕ್ಕೆ ನಡೆಯುತ್ತಿದ್ದ ನಮ್ಮ ಒಕ್ಕಲಮಕ್ಕಳಿಗೆ ಆ ಚುಕ್ಕಿಯೇ ಗಡಿಯಾರವಾಗಿದ್ದಿತು. ದೂರದರ್ಶಕದ ಮುಂದೆ ಕುಳಿತ ಐರೋಪ್ಯ ಜ್ಯೋತಿರ್ವಿದರಿಗಾದರೋ ಅದು ಮುಸುಕು ತೆರೆಯದ ಮುಖವಾಗಿದ್ದಿತು. 1761ರಲ್ಲಿ ಆ ಬೆಳ್ಳಿ, ಎಂದರೆ ಶುಕ್ರಗ್ರಹವು, ಸೂರ್ಯಬಿಂಬವನ್ನು ಹಾದುಹೋದಾಗ, ರಷ್ಯದ ಮಿಖಾಯಿಲ್ ಲೊಮೊನೊಸೊವ್ ಅದರ ಅಂಚಿನಲ್ಲಿ ಬೆಳಕಿನ ಉಬ್ಬೊಂದನ್ನು ಕಂಡುದಾಗಿ ಹೇಳಿ, ಆ ಗ್ರಹವನ್ನು ವಾಯುಮಂಡಲವೊಂದು ಆವರಿಸಿದೆಯೆಂದು ತೀರ್ಮಾನಿಸಿದನು. ಅದನ್ನು ಮುಚ್ಚಿದ ಮೋಡದ ಕೆಳಗಿರುವುದು ಕಾಣದಿದ್ದುದರಿಂದ ಕಲ್ಪನೆಗೆ ತಡೆಯಿರಲಿಲ್ಲ. ಸ್ವೀಡನ್ನಿನ ಅರ್ಹೇನಿಯಸ್‌ನಂಥ ಮೇಧಾವಿಯೂ ಅಲ್ಲಿ ಜೌಗುನೆಲವನ್ನೂ ದಟ್ಟ ಸಸ್ಯರಾಶಿಯನ್ನೂ ಊಹಿಸಿದ್ದನು.

1932ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದವರು ಶುಕ್ರನ ಬೆಳಕಿನ ರೋಹಿತದಲ್ಲಿ ಇಂಗಾಲಾಮ್ಲದ (ಕಾರ್ಬನ್ ಡೈಆಕ್ಸೈಡ್ ಅನಿಲದ) ಗುರುತನ್ನು ಕಂಡರು. 1956ರಲ್ಲಿ ರೇಡಿಯೋ ಅಲೆಗಳು ಅಸಾಧಾರಣವಾದ ತಾಪದ ಸುಳಿವನ್ನು ಕೊಟ್ಟುವು. 1962ರ ಡಿಸೆಂಬರ್ 14ರಂದು, ಸುಮಾರು 35,000 ಕಿಲೋಮೀಟರ್ ದೂರದಲ್ಲಿ ಹಾದುಹೋದ ಅಮೆರಿಕದ ಮ್ಯಾರಿನರ್ 2 ನೌಕೆಯು ಆ ಕಾವು ಮೇಲಣ ಸ್ತರದ್ದಲ್ಲ, ತಳದ್ದೇ ಎಂಬುದನ್ನು ಸ್ಥಿರಪಡಿಸಿತು. ಜೌಗುನೆಲದ ಕನಸು ಅಂದಿಗೆ ಮುಗಿಯಿತು.

ಆ ಕುಲುಮೆಯೊಳಕ್ಕೆ ಇಳಿಯುವ ಸಾಹಸವನ್ನು ಸೋವಿಯತ್ ರಷ್ಯ ಕೈಕೊಂಡಿತು. 1967ರಲ್ಲಿ ವೆನೆರಾ 4 ಅಲ್ಲಿನ ವಾಯುವಿನಲ್ಲಿ ಇಂಗಾಲಾಮ್ಲವೇ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಗಿಲೆಂದು ಅಳೆದು ತಿಳಿಸಿ, ನೆಲ ಮುಟ್ಟುವ ಮುನ್ನವೇ ಮೌನವಾಯಿತು. 1970ರ ಡಿಸೆಂಬರ್ 15ರಂದು ಇಳಿದ ವೆನೆರಾ 7ರ ಕಥೆ ಇನ್ನೂ ಮನಕಲಕುವಂಥದು. ಅದರ ಇಳಿಕೊಡೆ ಕೈಕೊಟ್ಟಿತು. ನೌಕೆ ನೆಲಕ್ಕೆ ಅಪ್ಪಳಿಸಿತು. ಧ್ವನಿ ಅಡಗಿತೆಂದೇ ಎಲ್ಲರೂ ಭಾವಿಸಿದರು. ಆದರೆ ಮುದ್ರಿಸಿಟ್ಟಿದ್ದ ಪಟ್ಟಿಗಳನ್ನು ಅನಂತರ ಮತ್ತೆ ಪರಿಶೀಲಿಸಿದಾಗ, ಸದ್ದುಗದ್ದಲದ ಅಡಿಯಲ್ಲಿ ಹುದುಗಿಹೋಗಿದ್ದ ಅತಿಕ್ಷೀಣವಾದ ಸಂಕೇತವೊಂದು, ಬಿದ್ದ ಬಳಿಕವೂ 23 ನಿಮಿಷಗಳ ಕಾಲ ನೆಲದ ತಾಪವನ್ನು ವರದಿ ಮಾಡುತ್ತಲೇ ಇದ್ದುದು ತಿಳಿಯಬಂದಿತು. ಸುಮಾರು 475 ಡಿಗ್ರಿ ಸೆಲ್ಸಿಯಸ್: ಸೀಸವನ್ನು ಕರಗಿಸಿ ಹರಿಸುವ ಬೇಗೆ.

ಇಷ್ಟಾದರೂ ಆ ಗ್ರಹ ಹೀಗೇಕಾಯಿತೆಂಬ ಪ್ರಶ್ನೆಗೆ ಉತ್ತರ ದೊರೆತಿರಲಿಲ್ಲ. ಅದು ದೊರೆತ ಬಗೆಯೇ ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. 1978ರ ಡಿಸೆಂಬರ್ 9ರಂದು ಅಮೆರಿಕದ ಪಯನಿಯರ್ ವೀನಸ್‌ನ ದೊಡ್ಡ ಶೋಧಕವು ಮೋಡಗಳ ನಡುವೆ ಇಳಿಯುತ್ತಿದ್ದಾಗ, ಅಣುಗಳನ್ನು ತೂಕಕ್ಕೆ ತಕ್ಕಂತೆ ಬೇರ್ಪಡಿಸಿ ಎಣಿಸುವ ಉಪಕರಣದ ಬಾಯಿಗೆ ಗಂಧಕಾಮ್ಲದ ಹನಿಯೊಂದು ಅಂಟಿ, ಗಾಳಿ ಒಳಹೋಗುವ ದಾರಿಯನ್ನೇ ಮುಚ್ಚಿಬಿಟ್ಟಿತು. ಕೆಟ್ಟಿತೆಂದು ಬಿಡಬೇಕಾದ ಆ ಹೊತ್ತಿನ ಲೆಕ್ಕವನ್ನು ಬಿಡದೆ ಓದಿದವರಿಗೆ, ಹನಿಯಲ್ಲಿ ಬೆರೆತಿದ್ದ ನೀರಿನಲ್ಲಿ ಭಾರಜಲಜನಕವು ಭೂಮಿಯ ನೀರಿನಲ್ಲಿರುವುದಕ್ಕಿಂತ ಸುಮಾರು ನೂರುಮಡಿ ಹೆಚ್ಚಾಗಿರುವುದು ಕಂಡಿತು. ಸೂರ್ಯನ ಅತಿನೇರಳೆ ಕಿರಣಗಳು ನೀರಾವಿಯನ್ನು ಒಡೆದಾಗ ಹಗುರವಾದ ಜಲಜನಕ ಆಕಾಶಕ್ಕೆ ಹಾರಿಹೋಗುತ್ತದೆ, ಭಾರವಾದುದು ಹಿಂದುಳಿಯುತ್ತದೆ. ಉಪ್ಪಿನ ಗದ್ದೆಯಲ್ಲಿ ಉಳಿದ ಹರಳನ್ನು ಕಂಡು ನಿಂತಿದ್ದ ನೀರನ್ನು ಎಣಿಸುವಂತೆ, 1982ರಲ್ಲಿ ಥಾಮಸ್ ಡೊನಾಹ್ಯೂ ಮತ್ತು ಸಂಗಡಿಗರು, ಶುಕ್ರನಲ್ಲಿ ಒಂದು ಕಾಲಕ್ಕೆ ಇಂದಿರುವುದಕ್ಕಿಂತ ಕಡೆಯಪಕ್ಷ ನೂರುಮಡಿ ನೀರಿದ್ದಿರಬೇಕೆಂದು ಸಾರಿದರು.

ನೀರು ಹೋದ ಮೇಲೆ ಇಂಗಾಲಾಮ್ಲವನ್ನು ಸುಣ್ಣಕಲ್ಲಾಗಿ ಕಟ್ಟಿಡುವವರಾರು? ಭೂಮಿಯಲ್ಲಿಯೂ ಹೆಚ್ಚುಕಡಮೆ ಅಷ್ಟೇ ಇಂಗಾಲವಿದೆ. ಆದರೆ ಅದರ ಬಹುಭಾಗ ನೀರಿನ ದೆಸೆಯಿಂದ ಬಂಡೆಗಳಲ್ಲಿ ಬಂದಿಯಾಗಿದೆ. ಶುಕ್ರನಲ್ಲಿ ಅದು ಗಾಳಿಯಲ್ಲಿಯೇ ಉಳಿದು, ನಮ್ಮದಕ್ಕಿಂತ ಸುಮಾರು 90 ಮಡಿ ಒತ್ತಡದ ಕಂಬಳಿಯಾಗಿ ಕಾವನ್ನು ಹಿಡಿದಿಟ್ಟಿತು. 2006ರಿಂದ 2014ರ ವರೆಗೆ ಸುತ್ತಿದ ಯೂರೋಪಿನ ವೀನಸ್ ಎಕ್ಸ್‌ಪ್ರೆಸ್, ಜಲಜನಕ ಎರಡು ಪಾಲು, ಆಮ್ಲಜನಕ ಒಂದು ಪಾಲು ಎಂಬ ನೀರಿನದೇ ಪ್ರಮಾಣದಲ್ಲಿ ಇವೆರಡೂ ಇಂದಿಗೂ ಆ ಗ್ರಹದಿಂದ ಹೊರಕ್ಕೆ ಹರಿಯುತ್ತಿರುವುದನ್ನು ಅಳೆಯಿತು. ಆದರೆ ಆದಿಕಾಲದ ಆ ನೀರು ಕಡಲಾಗಿ ನಿಂತಿದ್ದಿತೋ, ನೆಲಕ್ಕಿಳಿಯದೆ ಆವಿಯಾಗಿಯೇ ಕಳೆದುಹೋಯಿತೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ತೀರಿಲ್ಲ.

ಇತ್ತ ನಮ್ಮಲ್ಲಿಯೂ, ಬೆಂಗಳೂರಿನ ಇಸ್ರೋ ಸಂಸ್ಥೆಯ ಶುಕ್ರ ಪರಿಭ್ರಮಣ ನೌಕೆಗೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವಸಂಪುಟದ ಒಪ್ಪಿಗೆ ದೊರೆತಿದೆ. 2028ರ ಮಾರ್ಚಿನಲ್ಲಿ ಅದನ್ನು ಹಾರಿಸಬೇಕೆಂದು ಆಗ ಗೊತ್ತುಮಾಡಲಾಯಿತು.