ಕೇಳುವವನ ಪಾಲು

ಸಂಗೀತದ ಚರಿತ್ರೆಯನ್ನು ಬರೆಯುವವರು ಹಾಡಿದವರನ್ನು ನೆನೆಯುತ್ತಾರೆ, ನುಡಿಸಿದವರನ್ನು ನೆನೆಯುತ್ತಾರೆ, ವಾಗ್ಗೇಯಕಾರರ ಹೆಸರುಗಳನ್ನು ಗುರುಪರಂಪರೆಯ ಸಹಿತ ದಾಖಲಿಸುತ್ತಾರೆ. ಕೇಳಿದವರನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಕಾವ್ಯಮೀಮಾಂಸಕರು ಈ ವಿಷಯದಲ್ಲಿ ಹೆಚ್ಚು ಉದಾರಿಗಳು. ಕವಿಯ ಎದುರಿಗೆ ಅವರು ಸಹೃದಯನನ್ನು ಕೂರಿಸಿದರು. ಅವನಿಲ್ಲದೆ ಕಾವ್ಯವ್ಯಾಪಾರ ಪೂರ್ಣವಾಗದು ಎಂದರು. ಸಂಗೀತದ ಸಹೃದಯನಿಗೂ ಒಂದು ಚರಿತ್ರೆಯುಂಟು. ಯಂತ್ರವೊಂದು ಹಾಡುವುದನ್ನು ಮನೆಯೊಳಗೆ ನಾಲ್ಕು ಜನ ಕುಳಿತು ಕೇಳುವ ರೂಢಿ ಬಂದಮೇಲೆ ಆ ಚರಿತ್ರೆ ಹೊಸ ತಿರುವುಗಳನ್ನು ಪಡೆಯಿತು. ಅದರಲ್ಲಿ ನಮ್ಮ ಮೈಸೂರಿನ ಪಾಲು ಸಣ್ಣದಲ್ಲ. ಆ ಪಾಲನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಅಮೆರಿಕದ ಥಾಮಸ್ ಎಡಿಸನ್ ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ರಚಿಸಿದ್ದು 1877ರಲ್ಲಿ. ತವರದ ತೆಳು ಹಾಳೆಯ ಮೇಲೆ ಮೂಡಿದ ಆ ಮೊದಲ ಧ್ವನಿ ಕೆಲವೇ ಸಲ ಕೇಳುವಷ್ಟರಲ್ಲಿ ಸವೆದು ಅಳಿಸಿಹೋಗುತ್ತಿತ್ತು. ಮೂವತ್ತೈದು ವರ್ಷಗಳ ತರುವಾಯ, 1912ರಲ್ಲಿ, ಅವನ ಕಂಪೆನಿ ವಜ್ರದ ಮುಳ್ಳಿನಿಂದ ನುಡಿಸುವ ದಪ್ಪನೆಯ ತಟ್ಟೆಗಳನ್ನು ಹೊರತಂದಿತು. ಅವುಗಳ ಗುಣವನ್ನು ಜನಕ್ಕೆ ಮನಗಾಣಿಸಲು 1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಅಮೆರಿಕದ ಊರೂರುಗಳಲ್ಲಿ ಒಂದು ಬಗೆಯ ಪರೀಕ್ಷೆಯನ್ನು ನಡೆಸಲಾಯಿತು. ರಂಗದ ಮೇಲೆ ಯಂತ್ರ, ಅದರ ಪಕ್ಕದಲ್ಲಿ ಗಾಯಕಿ. ಆಕೆ ತಟ್ಟೆಯೊಡನೆ ದನಿಗೂಡಿಸಿ ಹಾಡುತ್ತ, ನಡುನಡುವೆ ಬಾಯಿ ಮುಚ್ಚುವಳು. ಹಾಡು ಮಾತ್ರ ಮುಂದುವರಿಯುವುದು. ಆಮೇಲೆ ದೀಪಗಳನ್ನು ಆರಿಸುವರು. ಕತ್ತಲಲ್ಲಿ ಹಾಡು ಸಾಗುತ್ತಿರುವುದು. ದೀಪ ಬೆಳಗಿದಾಗ ನೋಡಿದರೆ ರಂಗದ ಮೇಲೆ ಯಂತ್ರವೊಂದೇ! 1916ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮೇರಿ ರಾಪೋಲ್ಡ್ ಎಂಬ ಗಾಯಕಿ ಇಂಥ ಪರೀಕ್ಷೆಗೆ ನಿಂತಿದ್ದಳು. ಅಸಲು ಯಾವುದು, ಅಚ್ಚು ಯಾವುದು ತಿಳಿಯದೆ ಸಭೆ ಬೆರಗಾಯಿತೆಂದು ಕಂಪೆನಿ ಸಾರಿತು.

ಆ ತಟ್ಟೆಗಳನ್ನು ಇಂದು ಕೇಳುವವರಿಗೆ ಇದು ನಂಬಲಾಗದ ಮಾತು. ಮೈಕಿನ ನೆರವಿಲ್ಲದೆ, ಕಹಳೆಯಂಥ ಕೊಳವೆಯೊಳಕ್ಕೆ ಹಾಡಿ ಮುದ್ರಿಸಿದ ಆ ಧ್ವನಿಯಲ್ಲಿ ಮಂದ್ರವೂ ಪೂರ್ಣವಾಗಿಲ್ಲ, ತಾರವೂ ಪೂರ್ಣವಾಗಿಲ್ಲ. ಹಾಗಾದರೆ ಸಭೆ ಹೇಗೆ ಮೋಸಹೋಯಿತು? ತಮ್ಮ ಕಂಠವನ್ನು ತಗ್ಗಿಸಿ, ಯಂತ್ರದ ಧ್ವನಿಗೆ ಹೊಂದುವಂತೆ ಹಾಡುತ್ತಿದ್ದುದಾಗಿ ಆ ಗಾಯಕಿಯರಲ್ಲಿ ಕೆಲವರು ಮುಂದೆ ಹೇಳಿದ್ದಾರೆ. ಯಂತ್ರ ಮನುಷ್ಯರ ಹಾಗೆ ಹಾಡಲಿಲ್ಲ, ಮನುಷ್ಯರು ಯಂತ್ರದ ಹಾಗೆ ಹಾಡಿದರು. ಆದರೆ ಇದು ಅರ್ಧ ಉತ್ತರ ಮಾತ್ರ. ಉಳಿದರ್ಧ ಸಭಿಕರ ಕಿವಿಯಲ್ಲಿದೆ. ತಟ್ಟೆಯಲ್ಲಿ ಇಲ್ಲದ್ದನ್ನು ಅವರ ಕಿವಿ ತಾನೇ ತುಂಬಿಕೊಂಡಿತು. ರೇಖಾಚಿತ್ರದಲ್ಲಿ ಬಣ್ಣವಿಲ್ಲವೆಂದು ನಾವು ಮುಖವನ್ನು ಗುರುತಿಸದೆ ಇರುತ್ತೇವೆಯೆ? ಹಾಗೆಯೇ ಇದು.

ಸುಮಾರು ನಾಲ್ವತ್ತು ವರ್ಷಗಳ ಬಳಿಕ ಇಂಥದೇ ಸಭೆ ಲಂಡನ್ನಿನಲ್ಲಿ ಸೇರಿತು. ಯಾರ್ಕ್‌ಷೈರಿನಲ್ಲಿ ವಾರ್ಫ್‌ಡೇಲ್ ಧ್ವನಿವರ್ಧಕಗಳನ್ನು ತಯಾರಿಸುತ್ತಿದ್ದ ಗಿಲ್ಬರ್ಟ್ ಬ್ರಿಗ್ಸ್ 1954ರ ನವೆಂಬರಿನಲ್ಲಿ ರಾಯಲ್ ಫೆಸ್ಟಿವಲ್ ಹಾಲನ್ನು ಬಾಡಿಗೆಗೆ ಹಿಡಿದು, ಒಮ್ಮೆ ಕಲಾವಿದರ ವಾದನ, ಒಮ್ಮೆ ಅದರ ಮುದ್ರಿಕೆ, ಹೀಗೆ ಒಂದರ ಮಗ್ಗುಲಿಗೆ ಒಂದನ್ನು ಇಟ್ಟು ಕೇಳಿಸಿದನು. ಮನೆಯಲ್ಲಿ ಬಳಸುವ ಸಲಕರಣೆಗಳಿಂದಲೇ ಸುಮಾರು ಮೂರು ಸಾವಿರ ಆಸನಗಳ ಸಭಾಂಗಣವನ್ನು ತುಂಬಿಸುವ ಸಾಹಸ ಅದು. ಆ ಸಭೆಯವರೂ ಮೆಚ್ಚಿ ಮನೆಗೆ ಹೋದರು. ಆ ಕಾಲದ ಯಂತ್ರವನ್ನು ಇಂದಿನವರು ಹಳೆಯದೆನ್ನುತ್ತಾರೆ. ಇಂದಿನದನ್ನು ನಾಳಿನವರು ಹಳೆಯದೆಂದಾರು. ಪ್ರತಿಯೊಂದು ತಲೆಮಾರೂ ತನ್ನ ಯಂತ್ರವೇ ಅಸಲಿನ ಪ್ರತಿರೂಪವೆಂದು ನಂಬಿದೆ. ಹೀಗಿರುವಲ್ಲಿ ಬದಲಾಗದೆ ಉಳಿದದ್ದು ಯಾವುದು ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವನ್ನು ಹುಡುಕುತ್ತ ಮೈಸೂರಿಗೆ ಬರೋಣ.

ಮೈಸೂರಿಗೂ ತಟ್ಟೆಯ ಸಂಗೀತಕ್ಕೂ ಹಳೆಯ ನಂಟು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಮುದ್ರಿಸಿಕೊಂಡ ಗೌಹರ್ ಜಾನ್, ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದ ಆ ಪ್ರಸಿದ್ಧ ಗಾಯಕಿ, ಬಾಳಿನ ಸಂಜೆಯಲ್ಲಿ ಆಶ್ರಯ ಪಡೆದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ. 1928ರಲ್ಲಿ ಬಂದ ಆಕೆ 1930ರ ಜನವರಿಯಲ್ಲಿ ಈ ಊರಿನಲ್ಲೇ ತೀರಿಕೊಂಡಳು. ಇನ್ನು 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಆ ಮನೆಯಿಂದ. ಇಂಥ ಊರಿನಲ್ಲಿ 1940ರಲ್ಲಿ ಪಟ್ಟಕ್ಕೆ ಬಂದವರು ಶ್ರೀ ಜಯಚಾಮರಾಜೇಂದ್ರ ಒಡೆಯರು. ಆಗ ಅವರಿಗೆ ಇಪ್ಪತ್ತೊಂದು ವರ್ಷ.

ಒಡೆಯರು ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂಬುದು ನಮಗೆಲ್ಲ ತಿಳಿದದ್ದೇ. ‘ಶ್ರೀವಿದ್ಯಾ’ ಅಂಕಿತದಲ್ಲಿ ಅವರು 94 ಕೃತಿಗಳನ್ನು ರಚಿಸಿದ್ದಾರೆ. ಆದರೆ ಅದಕ್ಕೂ ಮೊದಲಿನಿಂದ ಅವರು ಪಿಯಾನೋ ಕಲಿತವರು, ಲಂಡನ್ನಿನ ಸಂಗೀತ ವಿದ್ಯಾಶಾಲೆಗಳ ಪದವಿ ಪಡೆದವರು. ಎಲ್ಲಕ್ಕಿಂತ ಮಿಗಿಲಾಗಿ ಕೇಳುಗರು. ಅವರ ಧ್ವನಿಮುದ್ರಿಕೆಗಳ ಭಂಡಾರದಲ್ಲಿ ಸುಮಾರು 20,000 ಮುದ್ರಿಕೆಗಳಿದ್ದುವೆಂದು ಅಂದಾಜು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಅದನ್ನು ಕಣ್ಣಾರೆ ಕಂಡವನು. ಗಂಭೀರ ಸಂಗೀತದ ಮುದ್ರಿಕೆಗಳಲ್ಲಿ ಇಲ್ಲದ್ದೇ ಇಲ್ಲವೆನ್ನುವಂಥ ಆ ಸಂಗ್ರಹವನ್ನೂ, ಹೋಲಿಸಿ ಕೇಳಲು ಇರಿಸಿದ್ದ ಬಗೆಬಗೆಯ ಧ್ವನಿವರ್ಧಕಗಳನ್ನೂ, ದೊಡ್ಡ ಪಿಯಾನೋಗಳನ್ನೂ ನೋಡಿದ ಬೆರಗನ್ನು ಅವನು ಮುಂದೆ ಬರೆದಿಟ್ಟಿದ್ದಾನೆ.

ಆ ಕಾಲದಲ್ಲಿ ಕೇಳುವುದೆಂದರೆ ಏನೆಂಬುದನ್ನು ಇಂದಿನ ಕೇಳುಗರು ಸ್ವಲ್ಪ ಊಹಿಸಿಕೊಳ್ಳಬೇಕು. ನಿಮಿಷಕ್ಕೆ 78 ಸುತ್ತು ಸುತ್ತುವ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ನಾಲ್ಕರಿಂದ ಐದು ನಿಮಿಷದ ಸಂಗೀತ. ಅರ್ಧ ಗಂಟೆಯನ್ನು ಮೀರುವ ಕೃತಿಯೊಂದನ್ನು ಕೇಳಬೇಕಾದರೆ ಏಳೆಂಟು ಬಾರಿ ಎದ್ದು ತಟ್ಟೆಯನ್ನು ತಿರುವಬೇಕು, ಇಲ್ಲವೆ ಬದಲಿಸಬೇಕು. ಪ್ರತಿ ಬಾರಿಯೂ ಮುರಿದ ಎಳೆಯನ್ನು ಕೇಳುಗ ತನ್ನ ನೆನಪಿನಲ್ಲಿ ಹಿಡಿದಿದ್ದು ಮುಂದಿನದಕ್ಕೆ ಕೂಡಿಸಿಕೊಳ್ಳಬೇಕು. ಅರೆಮನಸ್ಸಿನಿಂದ ಕೇಳುವವನಿಗೆ ಆ ತಟ್ಟೆಗಳು ಕೇವಲ ಚೂರುಗಳು. ಲಕ್ಷ್ಯವಿಟ್ಟವನಿಗೆ ಮಾತ್ರ ಅವು ಕೃತಿ.

ಹೀಗೆ ಲಕ್ಷ್ಯವಿಟ್ಟು ಕೇಳಿದ ಅರಸರ ಮನಸ್ಸನ್ನು ಸೆಳೆದವನು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ಖ್ಯಾತನಾದ ರಾಖ್ಮಾನಿನೋವ್‌ನ ಆಪ್ತಮಿತ್ರ. ಕ್ರಾಂತಿಯ ಬಳಿಕ 1921ರಲ್ಲಿ ತಾಯ್ನಾಡನ್ನು ಬಿಟ್ಟು ಹಲವೆಡೆ ಅಲೆದು, 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲೆಸಿದ್ದನು. ಕಾಲದ ರುಚಿ ಅವನನ್ನು ಬಿಟ್ಟು ಮುಂದೆ ಹೋಗಿತ್ತು. ಎರಡನೆಯ ಮಹಾಯುದ್ಧ ಬಂದು ಜರ್ಮನಿಯ ಪ್ರಕಾಶಕರಿಂದ ದೊರೆಯುತ್ತಿದ್ದ ಆದಾಯವೂ ನಿಂತಿತು. ಹೃದಯದ ಬೇನೆ ಬೇರೆ. ಪಾಠ ಹೇಳಿ ದಿನ ನೂಕುತ್ತಿದ್ದ ಈ ಮುದುಕನಿಗೆ ನೆರವು ಬಂದದ್ದು ಲಂಡನ್ನಿನಿಂದಲ್ಲ, ಮಾಸ್ಕೋದಿಂದಲ್ಲ, ಮೈಸೂರಿನಿಂದ! ಅವನ ಕೃತಿಗಳನ್ನು ಅವನೇ ನುಡಿಸಿ ಮುದ್ರಿಸಲೆಂದು ಒಡೆಯರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ ಹಣವನ್ನು ಒದಗಿಸಿದರು. 1947ರಲ್ಲಿ ಫಿಲ್‌ಹಾರ್ಮೋನಿಯಾ ವೃಂದದೊಡನೆ ಅವನು ತನ್ನ ಮೂರು ಪಿಯಾನೋ ಕನ್ಚೆರ್ಟೊಗಳನ್ನೂ ನುಡಿಸಿದನು. ಎಚ್‌ಎಂವಿ ಕಂಪೆನಿಯಿಂದ ಮೂರು ಸಂಪುಟಗಳು ಹೊರಬಂದುವು. ತನ್ನ ಮೂರನೆಯ ಕನ್ಚೆರ್ಟೊವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. ಎಲ್ಲ ಕೃತಿಗಳನ್ನೂ ಮುದ್ರಿಸಬೇಕೆಂಬ ಯೋಜನೆ ಪೂರೈಸುವ ಮೊದಲೇ, 1951ರ ನವೆಂಬರಿನಲ್ಲಿ, ಅವನು ತೀರಿಕೊಂಡನು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಈ ಹಣ ಯಾರದು? 1947 ಎಂದರೆ ಜವಾಬ್ದಾರಿ ಸರ್ಕಾರವನ್ನು ಬೇಡಿ ‘ಮೈಸೂರು ಚಲೋ’ ಚಳವಳಿ ನಡೆದ ವರ್ಷ. ನಾಡಿನ ಜನ ಬೀದಿಗಿಳಿದಿದ್ದ ಆ ದಿನಗಳಲ್ಲಿ, ಕಡಲಾಚೆಯ ಸಂಗೀತಕ್ಕೆ ಅರಮನೆ ಹಣ ಸುರಿಯುವುದು ನ್ಯಾಯವೆ? ಫಿಲ್‌ಹಾರ್ಮೋನಿಯಾ ಸಂಸ್ಥೆಗೆ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವು ಎಂಬುದು ಸಣ್ಣ ಮೊತ್ತವಲ್ಲ. ಈ ಪ್ರಶ್ನೆಯನ್ನು ತಳ್ಳಿಹಾಕುವುದು ನನ್ನಿಂದಾಗದು. ರಾಜರ ಕಲಾಪೋಷಣೆಯ ಹಿಂದೆ ಎಲ್ಲ ಕಾಲದಲ್ಲಿಯೂ ರೈತನ ಬೆವರಿದೆ. ಬೇಲೂರಿನ ಶಿಲೆಗಳ ಹಿಂದೆಯೂ ಅದಿದೆ. ಆದರೆ ಅದೇ ಹಣ ಬೇಟೆಗೂ ಮೋಟಾರುಗಳಿಗೂ ಕುದುರೆಯ ಜೂಜಿಗೂ ಹೋದದ್ದನ್ನು ನಮ್ಮ ಸಂಸ್ಥಾನಗಳ ಚರಿತ್ರೆ ಧಾರಾಳವಾಗಿ ಕಂಡಿದೆ. ಮರೆಯಾಗುತ್ತಿದ್ದ ಒಬ್ಬ ಕಲಾವಿದನ ಕೈಬೆರಳುಗಳ ನುಡಿತವನ್ನು ಉಳಿಸಿದ ವೆಚ್ಚವನ್ನು ಆ ಸಾಲಿನಲ್ಲಿ ಬರೆಯಲು ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1948ರಲ್ಲಿ, ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ವಾದ್ಯವೃಂದದೊಡನೆ ಹಾಡುವ ನಾಲ್ಕು ಗೀತೆಗಳನ್ನು ರಚಿಸಿದನು. ಸಾವನ್ನು ಅಂಜದೆ, ಅಳದೆ ಎದುರುಗೊಳ್ಳುವ ಹಾಡುಗಳು ಅವು. ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲು ಹಾಡಬೇಕೆಂಬುದು ಅವನ ಬಯಕೆ. 1949ರ ಸೆಪ್ಟೆಂಬರಿನಲ್ಲಿ ಅವನು ಕಾಲವಾದನು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ, ಫ್ಲಾಗ್‌ಸ್ಟಾಡ್ ಆ ಗೀತೆಗಳನ್ನು ಮೊದಲ ಬಾರಿಗೆ ಹಾಡಿದಳು. ಆ ಕಛೇರಿಗೆ 4,800 ಡಾಲರುಗಳ ಖಾತರಿಯನ್ನು ಕೊಟ್ಟವರು ಜಯಚಾಮರಾಜೇಂದ್ರ ಒಡೆಯರು. ಅವರು ಲಂಡನ್ನಿಗೆ ಹೋಗುವಂತಿರಲಿಲ್ಲ. ಆದ್ದರಿಂದ ಆ ಸಂಜೆಯನ್ನು ತಟ್ಟೆಗಳಲ್ಲಿ ಮುದ್ರಿಸಿ ಮೈಸೂರಿಗೆ ಹಡಗಿನಲ್ಲಿ ಕಳುಹಿಸಬೇಕೆಂದು ಏರ್ಪಾಡಾಯಿತು. ಒಂದು ಕಛೇರಿ ನಡೆಯಲು ಕಾರಣರಾದವರು ಅದನ್ನು ಕೇಳಬೇಕಾದದ್ದು ಐದು ಸಾವಿರ ಮೈಲಿ ದೂರದಲ್ಲಿ, ವಾರಗಳು ಕಳೆದ ಮೇಲೆ, ತಮ್ಮ ಮನೆಯೊಳಗೆ.

ಆ ಸಂಜೆಯ ಮುದ್ರಣ ಸವೆದ ತಟ್ಟೆಗಳ ಮೂಲಕ ಉಳಿದು ಬಂದು, ಈಚಿನ ವರ್ಷಗಳಲ್ಲಿ ಆದಷ್ಟು ಶುದ್ಧಿಗೊಂಡು ಪ್ರಕಟವಾಗಿದೆ. ಅದನ್ನು ನಾನು ಕೇಳಿದ್ದು ಮೈಸೂರಿನಲ್ಲಿರುವ ಮಿತ್ರರೊಬ್ಬರ ಮನೆಯ ಶ್ರವಣಗೋಷ್ಠಿಯಲ್ಲಿ. ನಿವೃತ್ತ ಎಂಜಿನಿಯರರಾದ ಅವರು ಆಳೆತ್ತರದ ಧ್ವನಿವರ್ಧಕಗಳನ್ನೂ, ಹಳೆಯ ರೇಡಿಯೋಗಳಲ್ಲಿದ್ದಂತೆ ಕೆಂಪಗೆ ಬೆಳಗುವ ಕವಾಟಗಳುಳ್ಳ ಆಂಪ್ಲಿಫಯರನ್ನೂ ಬಹಳ ಆಸ್ಥೆಯಿಂದ ಜೋಡಿಸಿಟ್ಟಿದ್ದಾರೆ. ಅವುಗಳ ಬೆಲೆಯಲ್ಲಿ ನಾನು ನನ್ನ ಕಾಲದಲ್ಲಿ ಒಂದು ಮನೆಯನ್ನೇ ಕಟ್ಟಿಸಬಹುದಿತ್ತು. ಭಾನುವಾರ ಐದಾರು ಜನ ಸೇರುತ್ತೇವೆ, ಶಿಸ್ತೇನೂ ಇಲ್ಲ. ಕಾಫಿ ಬರುತ್ತದೆ, ಮಾತು ಬರುತ್ತದೆ, ‘ಅದನ್ನು ಇನ್ನೊಮ್ಮೆ ಹಾಕಿ’ ಎನ್ನುವವರೂ ಇರುತ್ತಾರೆ. ಆ ದಿನ ಮೊದಲು ವೀಣೆಯ ಒಂದು ಹೊಸ ಮುದ್ರಿಕೆ ನುಡಿಯಿತು. ತಂತಿಯ ಮೇಲೆ ಬೆರಳು ಜಾರುವ ಸದ್ದೂ ಕಿವಿಗೆ ಬಿತ್ತು. ಯಂತ್ರದ ಸೂಕ್ಷ್ಮತೆಯನ್ನು ಎಲ್ಲರೂ ಬಾಯಿತುಂಬ ಹೊಗಳಿದರು. ಅದಕ್ಕೂ ಇದಕ್ಕೂ ಹೋಲಿಕೆಗಳು ನಡೆದುವು.

ಬಳಿಕ ನಾನು ಕೇಳಿಕೊಂಡಂತೆ ಮಿತ್ರರು 1950ರ ಆ ಮುದ್ರಣವನ್ನು ಹಾಕಿದರು. ಒಳ್ಳೆಯ ಯಂತ್ರ ಕೆಟ್ಟದ್ದನ್ನು ಮುಚ್ಚುವುದಿಲ್ಲ. ತಟ್ಟೆಯ ಕೊರೆತ, ಉಜ್ಜಾಟ, ಚಟಪಟ ಸದ್ದು, ಎಲ್ಲವನ್ನೂ ಅದು ಅಷ್ಟೇ ಪ್ರಾಮಾಣಿಕವಾಗಿ ನಮ್ಮ ಮುಂದೆ ಇಟ್ಟಿತು. ವಾದ್ಯವೃಂದ ಮಂಜಿನಾಚೆ ನುಡಿಯುವಂತಿತ್ತು. ಆದರೆ ಆ ಮಂಜಿನಿಂದ ಫ್ಲಾಗ್‌ಸ್ಟಾಡಳ ಕಂಠ ಎದ್ದು ಬಂದಾಗ ಗೋಷ್ಠಿಯ ಮಾತು ತಾನಾಗಿ ನಿಂತಿತು. ಧ್ವನಿವರ್ಧಕದ ವಿಚಾರವನ್ನು ಯಾರೂ ಎತ್ತಲಿಲ್ಲ. ಲೋಟಗಳಲ್ಲಿದ್ದ ಕಾಫಿ ಆರಿಹೋಯಿತು. ಎಡಿಸನ್ನನ ಸಭಿಕರನ್ನು ಕುರಿತು ಓದಿದ್ದರ ಅರ್ಥ ನನಗೆ ಪೂರ್ತಿಯಾಗಿ ಹೊಳೆದದ್ದು ಆಗ. ಅವರು ಮೋಸಹೋದ ಮುಗ್ಧರಲ್ಲ. ಬಂದ ಅರ್ಧಕ್ಕೆ ತಮ್ಮದೊಂದು ಅರ್ಧವನ್ನು ಸೇರಿಸಬಲ್ಲವರಾಗಿದ್ದರು.

ಉತ್ತಮ ಸಲಕರಣೆ ಬೇಡವೆಂದು ನಾನು ಹೇಳುತ್ತಿಲ್ಲ. ಒಡೆಯರೂ ಒಳ್ಳೆಯ ಧ್ವನಿವರ್ಧಕಗಳನ್ನು ಬಯಸಿ ತರಿಸಿದವರೇ. ಒಳ್ಳೆಯ ಕಾಗದದ ಮೇಲೆ ಚೆನ್ನಾಗಿ ಅಚ್ಚಾದ ಪಂಪಭಾರತವನ್ನು ಓದುವುದು ಸುಖವಲ್ಲವೆ? ಆದರೆ ಕಾಗದವನ್ನು ಮುಟ್ಟಿ ನೋಡುವುದರಲ್ಲೇ ಹೊತ್ತು ಕಳೆದರೆ ಪಂಪ ಎಲ್ಲಿ ದೊರೆತಾನು? ಇಂದು ಜಗತ್ತಿನ ಸಂಗೀತವೆಲ್ಲ ಅಂಗೈಯ ಫೋನಿನಲ್ಲಿದೆ. ಮೈಸೂರಿನ ಅರಸರ ಭಂಡಾರಕ್ಕಿಂತ ದೊಡ್ಡದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿದೆ. ತಟ್ಟೆಯನ್ನು ತಿರುವಲು ಏಳಬೇಕಾಗಿಲ್ಲ. ಏಳಬೇಕಾಗಿಲ್ಲವಾದ್ದರಿಂದಲೇ ಒಂದು ಕೃತಿಯನ್ನು ಕೊನೆಯವರೆಗೆ ಕೇಳುವವರು ವಿರಳವಾಗಿದ್ದಾರೆ.

ಮೆಟ್ನರನ ಕೃತಿಗಳನ್ನು ಇಂದಿನ ಪಿಯಾನೋ ವಾದಕರು ಮತ್ತೆ ಕೈಗೆತ್ತಿಕೊಂಡು ನುಡಿಸುತ್ತಿದ್ದಾರೆ. ಅವನು ತನ್ನ ಕೃತಿಯನ್ನು ಹೇಗೆ ನುಡಿಸುತ್ತಿದ್ದನೆಂದು ತಿಳಿಯಬಯಸುವವರಿಗೆ ಆ ಮುದ್ರಿಕೆಗಳೇ ದಾರಿ. ಜಯಚಾಮರಾಜೇಂದ್ರ ಒಡೆಯರು 1974ರಲ್ಲಿ ತೀರಿಕೊಂಡರು. ಅವರ ಧ್ವನಿವರ್ಧಕಗಳ ಹೆಸರು ಇಂದು ಯಾರಿಗೂ ಬೇಕಾಗಿಲ್ಲ. ಅವರು ಕೇಳಿದ್ದರಿಂದ ಉಳಿದದ್ದು ಮಾತ್ರ ಜಗತ್ತಿಗೆ ಈಗಲೂ ಬೇಕಾಗಿದೆ.